ಕಥೆ ಪಾಠವಾದ ಮೇಲೆ

ಬೆಂಗಳೂರಿನ ಮರ್ಫಿ ಟೌನಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು ನಾನು. ಇಲ್ಲಿ ನಕ್ಕಿದ್ದಕ್ಕಿಂತ ಹಲ್ಲು ಕಡಿದಿದ್ದೇ ಹೆಚ್ಚು. ಹಲ್ಲು ಕಡಿಯುತ್ತಿರುವಾಗಲೇ ನಗುವೂ ಬಂದುಬಿಡುತ್ತೆ ನೋಡಿ, ಅದಕ್ಕೆ ಇನ್ನೂ ಸಿಟ್ಟು ಬರುತ್ತೆ. ಇಂಥದ್ದು ಆಗದ ವರ್ಷವೇ ಇಲ್ಲ.

ಇಂಪಾರ್ಟೆಂಟು

ಒಂಬತ್ತನೇ ಕ್ಲಾಸಿಗೆ ಒಬ್ಬ ಅಜ್ಜಿ ಮತ್ತು ಅವಳ ಕರುವಿನ ಕಥೆ ಪಾಠಕ್ಕಿತ್ತು. ಕೊನೆಯಲ್ಲಿ ಅಜ್ಜಿ ಸಾಯುತ್ತಾಳೆ, ಕರು ಅವಳ ಬಾಗಿಲಲ್ಲಿ ನಿಂತು ಅಂಬಾ ಅನ್ನುತ್ತೆ. ಅಲ್ಲಿಗೆ ಬಂದಾಗ ಪುಸ್ತಕ ಕೆಳಗಿಟ್ಟೆ. ಕನ್ನಡಕ ಒರೆಸಿಕೊಂಡೆ. ಕ್ಲಾಸಲ್ಲಿ ಒಂದು ಸದ್ದಿಲ್ಲ. ಪರವಾಗಿಲ್ಲ, ಮಕ್ಕಳ ಮನಸ್ಸಿಗೆ ನಾಟಿದೆ ಅಂದುಕೊಂಡೆ.

ಮುಂದಿನ ಬೆಂಚಿನ ಹುಡುಗಿ ಪೆನ್ಸಿಲ್ ಹಿಡಿದ ಕೈಯನ್ನು ಮೆಲ್ಲಗೆ ಎತ್ತಿದಳು. "ಮಿಸ್, ಅಜ್ಜಿ ಸತ್ತಿದ್ದು ಇಂಪಾರ್ಟೆಂಟಾ?"

"ಅವಳ ಕರುವಿಗೆ ಇಂಪಾರ್ಟೆಂಟು ಕಣಮ್ಮಾ," ಅಂದೆ ಉರಿದುಕೊಂಡು.

ಹಿಂದಿನ ಬೆಂಚಿಂದ ಸಮಾಧಾನದ ದನಿ ಬಂತು: "ಬಿಟ್ಬಿಡ್ರೋ, ಪರೀಕ್ಷೆಗೆ ಬರಲ್ವಂತೆ!"

ಮೇಯುವ ಕಾರು

ನಾನು ಬಿಡುತ್ತೀನಾ? ಅದೇ ಪಾಠದ ಮೇಲೆ ಪ್ರಶ್ನೆ ಕೊಟ್ಟೆ: 'ಅಜ್ಜಿಯ ದಿನಚರಿಯನ್ನು ನಿಮ್ಮ ಸ್ವಂತ ಮಾತುಗಳಲ್ಲಿ ಬರೆಯಿರಿ.'

ಮೊದಲ ಪೇಪರಲ್ಲಿ 'ಅಜ್ಜಿಯು ದಿನವೂ ತನ್ನ ಕಾರು ಮೇಯಿಸಲು ಕೆರೆ ಏರಿಗೆ ಹೋಗುತ್ತಿದ್ದಳು' ಅಂತಿತ್ತು. ಅವಸರದ ತಪ್ಪು ಅಂದುಕೊಂಡೆ. ಎರಡನೆಯದರಲ್ಲೂ ಕಾರು, ಮೂರನೆಯದರಲ್ಲೂ ಕಾರು. ಗೈಡ್ ತರಿಸಿ ನೋಡಿದರೆ ಅಚ್ಚಿನ ತಪ್ಪು. ಕರುವಿಗೊಂದು ದೀರ್ಘ ಬಿದ್ದು ಕಾರಾಗಿತ್ತು. ಇಡೀ ಕ್ಲಾಸಿನ 'ಸ್ವಂತ ಮಾತು' ಅಂಗಡಿಯದು!

ಒಬ್ಬ ಮಾತ್ರ 'ಕರು' ಅಂತ ಬರೆದು, ಅದನ್ನು ಹೊಡೆದುಹಾಕಿ 'ಕಾರು' ಮಾಡಿದ್ದ. ಕರೆದು ಕೇಳಿದೆ, "ಸರಿಯಾಗೇ ಬರ್ದಿದ್ಯಲ್ಲೋ, ಯಾಕೆ ಹೊಡೆದೆ?"

"ಅದು ನನ್ನ ಸ್ವಂತ ಮಾತಲ್ವಾ ಮಿಸ್," ಅಂದ. "ತಪ್ಪಿರುತ್ತೆ ಅನ್ನಿಸ್ತು."

ಕನ್ನಡ ಯಾವಾಗ?

ಪೇರೆಂಟ್ಸ್ ಮೀಟಿಂಗಿಗೆ ಹಲಸೂರಿನಿಂದ ಒಬ್ಬ ತಾಯಿ ಬಂದರು. ಮನೆಮಾತು ತಮಿಳು. ಮುಖ ನೋಡಿದರೆ ಮಗಳು ಏನೋ ದೊಡ್ಡ ಅನಾಹುತ ಮಾಡಿದ ಹಾಗಿತ್ತು.

"ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಮಿಸ್. ಊಟಕ್ಕೆ ಕೂತ್ರೂ ಕಥೆ ಬುಕ್ಕು, ಬಸ್ಸಲ್ಲೂ ಕಥೆ ಬುಕ್ಕು."

"ಯಾವ ಭಾಷೇದಮ್ಮಾ?"

"ಕನ್ನಡಾನೇ ಮಿಸ್! ಹಿಂಗೆ ದಿನಾ ಕನ್ನಡ ಓದ್ತಾ ಕೂತ್ರೆ, ಇವಳು ಕನ್ನಡ ಓದೋದು ಯಾವಾಗ?"

ಖುಷಿ ಪೀರಿಯಡ್

ಮಕ್ಕಳು ಖುಷಿಗಾಗಿ ಓದಬೇಕು ಅಂತ ನಮ್ಮ ಹೆಡ್‌ಮಾಸ್ಟರು ಯಾವುದೋ ಟ್ರೇನಿಂಗಲ್ಲಿ ಕೇಳಿಸಿಕೊಂಡು ಬಂದರು. ಶನಿವಾರಕ್ಕೆ 'ಖುಷಿ ಓದು' ಅಂತ ಒಂದು ಪೀರಿಯಡ್ ಹಾಕಿದರು. ಎಷ್ಟೋ ವರ್ಷದಿಂದ ನಾನು ಬೇಡಿಕೊಂಡಿದ್ದೇ ಅದು. ಲೈಬ್ರರಿ ಬೀರು ತೆಗೆದು, "ಬೇಕಾದ್ದು ಎತ್ಕೊಳ್ರೋ," ಅಂದೆ.

ಎಂಟನೇ ಕ್ಲಾಸಲ್ಲಿ ಬಾಯೇ ಬಿಡದ ಹುಡುಗನೊಬ್ಬನಿದ್ದ. ಕಲಬುರಗಿ ಕಡೆಯವರು. ಅಪ್ಪನಿಗೆ ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಹುಡುಗ ದೆವ್ವದ ಕಥೆಯೊಂದನ್ನು ಎತ್ತಿಕೊಂಡು, ದೆವ್ವಕ್ಕೂ ತನ್ನೂರಿನ ಮಾತು ಹಾಕಿ ಗಟ್ಟಿಯಾಗಿ ಓದಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ಸದ್ದಿಗೆ ಹೆಡ್‌ಮಾಸ್ಟರು ಬಂದರು.

"ಭಾಳ ಚೆನ್ನಾಗಿದೆ ಮೇಡಂ. ಇದಕ್ಕೂ ಮಾರ್ಕ್ಸ್ ಇಡೋಣ."

"ಬೇಡ ಸರ್, ದಮ್ಮಯ್ಯ!"

"ಮಾರ್ಕ್ಸ್ ಇಲ್ದೆ ಖುಷಿಯಾಗಿದೆ ಅಂತ ಗೊತ್ತಾಗೋದು ಹೇಗ್ರೀ?"

ಜಗಳವಾಡಿದೆ. ನಡೆಯಲಿಲ್ಲ. ಪ್ರಶ್ನೆಯನ್ನು ಅವರೇ ಬರೆದರು: 'ನಿಮಗೆ ಖುಷಿಯಾಗಲು ಐದು ಕಾರಣಗಳನ್ನು ವಿವರಿಸಿ.' ಹುಡುಗ ಒಂದೇ ಬರೆದಿದ್ದ: 'ನಗು ಬಂತು.' ಅವರೇ ತಿದ್ದಿ ಫೇಲ್ ಮಾಡಿದರು, ಅಪ್ಪನನ್ನೂ ಕರೆಸಿದರು.

ಆತ ಫ್ಯಾಕ್ಟರಿ ಯೂನಿಫಾರ್ಮಲ್ಲೇ ಓಡಿ ಬಂದ. "ಏನರ ಕೆಟ್ಟ ಕೆಲಸ ಮಾಡ್ಯಾನೇನ್ರಿ ಸರ್?"

"ಹಾಗೇನಿಲ್ಲ. ಖುಷಿಯಲ್ಲಿ ಫೇಲಾಗಿದ್ದಾನೆ."

ಆತ ಮಗನ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ಹಲ್ಲು ಕಚ್ಚಿಕೊಂಡು ಕಿಟಕಿ ಕಡೆ ತಿರುಗಿದೆ.

"ಮನ್ಯಾಗ ನಕ್ಕೋತನೇ ಇರ್ತಾನಲ್ರೀ?"

"ಮನೇದು ಲೆಕ್ಕಕ್ಕಿಲ್ಲ ರೀ. ಇಲ್ಲಿ ಬರೀಬೇಕು."

ಆತ ಕೈಮುಗಿದ. "ಹಂಗಾರ ಈ ಪೀರಿಯಡ್ ಒಂದು ಬಿಡಿಸಿಬಿಡ್ರಿ ಸರ್. ನೀವು ಖುಷಿ ಕಲಿಸೂ ತನಕ ನನ್ನ ಮಗ ಅದರಾಗ ಪಾಸೇ ಇದ್ದ."