ನಾಲ್ಕನೆಯ ಕುರ್ಚಿ ಮತ್ತು ಅರ್ಧ ಕಾಫಿ

ಇದು ಸುಳ್ಳು ಅನ್ನುವವರು ಬೇಕಾದರೆ ಈಗಲೇ ಎದ್ದು ನಿಂತು ಹೇಳಲಿ. ಎದ್ದವರ ಕುರ್ಚಿಯನ್ನು ಆಮೇಲೆ ಯಾರು ಹೊತ್ತುಕೊಂಡು ಹೋದರೂ ನಾವು ಜವಾಬ್ದಾರರಲ್ಲ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಮೈಸೂರಿನ ಜಟಕಾ ಗಂಟೆ ತಪಾಸಣಾ ಕಚೇರಿಯಲ್ಲಿ ನಾಲ್ಕು ಜನ ನೌಕರರೂ ಮೂರು ಕುರ್ಚಿಗಳೂ ಇದ್ದವು. ನಾಲ್ಕನೆಯ ನೌಕರ ಜವರಯ್ಯ, ನಂಜನಗೂಡಿನ ಕಡೆಯವನು. ಅವನ ಹೋಬಳಿಯಲ್ಲಿ ಮೆಟ್ರಿಕ್ ಪಾಸಾದ ಮೊದಲಿಗ. ಓಡುವ ಹೋರಿಯನ್ನು ಕೊಂಬು ಹಿಡಿದು ನಿಲ್ಲಿಸಿದವನು. ದಿನಕ್ಕೊಮ್ಮೆ ಅವನೇ ಹೇಳುತ್ತಿದ್ದುದರಿಂದ ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಂಥವನು ಎರಡು ವರ್ಷದಿಂದ, ಒಡಕೆಂದು ಜಪ್ತಿಯಾದ ಜಟಕಾ ಗಂಟೆಗಳನ್ನು ತುಂಬಿಟ್ಟ ತಗಡಿನ ಪೆಟ್ಟಿಗೆಯ ಮೇಲೆ ಕೂರುತ್ತಿದ್ದ. ಅಲುಗಿದಾಗಲೆಲ್ಲ ಪೆಟ್ಟಿಗೆ ಘಲ್ ಅನ್ನುತ್ತಿತ್ತು.

ಊರಿಗೆ ಮಾತ್ರ ಅವನು ಬೇರೆಯೇ ಬರೆದಿದ್ದ: “ಅವ್ವಾ, ಸರ್ಕಾರ ನನಗೆ ಕೈಯಿರೋ ಬೀಟೆ ಕುರ್ಚಿ ಕೊಟ್ಟದೆ.” ಓದಿಸಿ ಕೇಳಿದ ತಾಯಿ ದೇವೀರಮ್ಮ, ಬರುವ ಶುಕ್ರವಾರ ಬಂದು ಆ ಕುರ್ಚಿಯನ್ನು ಕಣ್ತುಂಬ ನೋಡುತ್ತೇನೆಂದು ಜವಾಬು ಬರೆಸಿದಳು.

ಜವರಯ್ಯ ಸಾಹೇಬರಾದ ಗುರುಸಿದ್ದಯ್ಯನವರ ಮುಂದೆ ನಿಂತ.

“ಕುರ್ಚಿ ಕೊಡೋದು ನನ್ನ ಕೈಲಿಲ್ಲಪ್ಪ, ಸಭೆ ತೀರ್ಮಾನ ಮಾಡಬೇಕು.”

“ಹಂಗಾರೆ ಸಭೆ ಕರೀರಿ ಸಾ.”

“ಎಲ್ಲರೂ ಕುರ್ಚಿ ಮೇಲೆ ಕೂತಿದ್ದರೆ ಮಾತ್ರ ಅದು ಸಭೆ. ನೀನು ಪೆಟ್ಟಿಗೆ ಮೇಲೆ ಕೂತಿರ್ತೀಯ.”

“ಕುರ್ಚಿ ಕೊಟ್ಬುಡಿ, ಕೂತ್ಕತೀನಿ.”

“ಅದಕ್ಕೆ ಸಭೆ ಆಗಬೇಕು.”

ಇಬ್ಬರೂ ಸ್ವಲ್ಪ ಹೊತ್ತು ಈ ನಿಯಮದ ಅಚ್ಚುಕಟ್ಟನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡರು. ಆಮೇಲೆ ಜವರಯ್ಯನೇ, ಮೆಟ್ರಿಕ್ ಪಾಸಾದವನಿಗೆ ಮಾತ್ರ ಹೊಳೆಯುವಂಥ ದಾರಿ ತೋರಿಸಿದ: ಚಿಕ್ಕ ಗಡಿಯಾರದ ಗೋಪುರದ ಹತ್ತಿರದ ಕಾಫಿ ಹೋಟೆಲಿನಲ್ಲಿ ಒಂದೊಂದು ಮೇಜಿಗೂ ನಾಲ್ಕು ಕುರ್ಚಿ. ಸಂಜೆಯೊಳಗೆ ಸುತ್ತೋಲೆ ಹೊರಟಿತು:

“ಸೋಮವಾರ ಮೂರೂವರೆಗೆ ಸದರಿ ಹೋಟೆಲಿನಲ್ಲಿ ಆರಾಮ ಸಭೆ ನಡೆಯತಕ್ಕದ್ದು. ಸದಸ್ಯರು ಕಡ್ಡಾಯವಾಗಿ ಆರಾಮವಾಗಿರತಕ್ಕದ್ದು. ಎಲ್ಲರೂ ಕಾಫಿ ಕುಡಿದಾದ ಮೇಲೆಯೇ ವಿಷಯ ಎತ್ತತಕ್ಕದ್ದು. ಅಧಿಕಾರಿಗೆ ಇಡೀ ಕಾಫಿ. ಉಳಿದವರಿಗೆ ಇಬ್ಬರಿಗೊಂದರಂತೆ ಬೈಟು. ಬೈಟು ಸಮಾನ ದರ್ಜೆಯವರ ನಡುವೆ ಮಾತ್ರ.”

ಸೋಮವಾರ ಸಾಹೇಬರು ಇಡೀ ಕಾಫಿ ಕುಡಿದರು. ಖಾಯಂ ಗುಮಾಸ್ತರಾದ ಅನಂತಪದ್ಮನಾಭ, ಚನ್ನಬಸವಯ್ಯ ಬೈಟು ಕುಡಿದರು. ಜವರಯ್ಯ ಹಂಗಾಮಿ. ಅವನ ದರ್ಜೆಯಲ್ಲಿ ಇನ್ನೊಬ್ಬನಿರಲಿಲ್ಲ.

“ನನ್ನದ್ರಲ್ಲೇ ಒಂದು ಗುಟುಕು ಬುಡ್ತೀನಿ ಕುಡಿ ಕಣೋ,” ಎಂದ ಚನ್ನಬಸವಯ್ಯ.

“ಆಗ ಅದು ಬೈತ್ರೀ ಆಗುತ್ತೆ ಕಣ್ರೀ. ಬೈತ್ರೀಗೆ ನಿಯಮ ಇಲ್ಲ,” ಎಂದ ಅನಂತಪದ್ಮನಾಭ.

ಒಬ್ಬ ಸದಸ್ಯ ಕಾಫಿ ಕುಡಿಯದ ಕಾರಣ ಸಭೆಯನ್ನು ಮಂಗಳವಾರಕ್ಕೆ ಮುಂದೂಡಲಾಯಿತು. ಮಂಗಳವಾರದಿಂದ ಬುಧವಾರಕ್ಕೆ, ಬುಧವಾರದಿಂದ ಗುರುವಾರಕ್ಕೆ. ಅಷ್ಟರಲ್ಲಿ ಜಟಕಾದವರು ಗಂಟೆಗಳನ್ನು ತಪಾಸಣೆಗೆ ಹೋಟೆಲಿಗೇ ತರತೊಡಗಿದ್ದರು. ಕಚೇರಿಯ ಮೊಹರಿಗಿಂತ ಕಾಫಿ ಲೋಟದ ತಳದ ಉಂಗುರವೇ ಕಾಗದದ ಮೇಲೆ ಸ್ಪಷ್ಟವಾಗಿ ಮೂಡುತ್ತದೆಂದು ಕಂಡುಬಂದು, ಅದನ್ನೇ ಅಂಗೀಕರಿಸಲಾಯಿತು.

ಶುಕ್ರವಾರ ದೇವೀರಮ್ಮ ಅವರೆಕಾಯಿಯ ಚೀಲ ಹೊತ್ತು, ಕಚೇರಿಗೆ ಬೀಗ ಕಂಡು, ಕೇಳಿಕೊಂಡು ಹೋಟೆಲಿಗೆ ಬಂದಳು. ಮಗನನ್ನೂ ಅವನ ಕೆಳಗಿದ್ದ ಕುರ್ಚಿಯನ್ನೂ ಸುತ್ತು ಹಾಕಿ ನೋಡಿದಳು.

“ಕುರ್ಚಿಗೆ ಕೈಯೇ ಇಲ್ವಲ್ಲೋ ಜವರ.”

“ರಿಪೇರಿಗೆ ಹೋಗವೆ ಕಣವ್ವ.”

“ಕೈ ಮಾತ್ರವಾ?”

“ಊಂ, ಕೈ ಮಾತ್ರ.”

ದೇವೀರಮ್ಮ ಪಕ್ಕದ ಮೇಜಿನ ಕುರ್ಚಿ ಎಳೆದುಕೊಂಡು ಕೂತಳು. ಅನಂತಪದ್ಮನಾಭ ಅವಳನ್ನೇ ನೋಡುತ್ತ ಖಾಯಂ ನೌಕರರ ಪಟ್ಟಿ ಬಿಚ್ಚಿದ.

“ಸಾರ್, ಈ ಪಟ್ಟಿಯಲ್ಲಿಲ್ಲದವರೆಲ್ಲ ಹಂಗಾಮಿ ಅಂತ ನಿಯಮ. ಈಯಮ್ಮನ ಹೆಸರು ಇದರಲ್ಲಿಲ್ಲ.”

“ಅಮ್ಮಾ, ನೀವು ಹಂಗಾಮಿ ಅಂತ ಬರ್ಕೊಳ್ಳಲೇ?” ಎಂದರು ಸಾಹೇಬರು.

“ಬರ್ಕಳಿ ಸಾಮಿ. ಕಾಫಿಗೆ ಬೆಲ್ಲವೋ, ಸಕ್ಕರೆಯೋ?”

ಬೈಟು ಬಂತು. ಲೋಟ ಹಿರಿಯರಿಗೆ, ಬಟ್ಟಲು ಕಿರಿಯರಿಗೆ ಅನ್ನುವುದು ಪದ್ಧತಿ. ಲೋಟ ದೇವೀರಮ್ಮನಿಗೆ ಹೋಯಿತು. ಐದು ದಿನ ಕಾದ ಜವರಯ್ಯ ಬಟ್ಟಲು ಎತ್ತಿ ಒಂದೇ ಗುಟುಕಿಗೆ ಮುಗಿಸಿದ, ಹೋರಿಯನ್ನು ಇನ್ನೊಮ್ಮೆ ನಿಲ್ಲಿಸಿದವನ ಹಾಗೆ ಸುತ್ತ ನೋಡಿದ. ನಾಲ್ಕು ಗಂಟೆಗೆ ಸಭೆ ಶುರುವಾಯಿತು. ಕೈಯಿರುವ ಬೀಟೆ ಕುರ್ಚಿ ಒಂದು, ಸರ್ವಾನುಮತದಿಂದ ಮಂಜೂರಾಯಿತು.

“ಯಾರ ಹೆಸರಿಗೆ?” ಎಂದ ಅನಂತಪದ್ಮನಾಭ. “ಈಗ ಹಂಗಾಮಿಗಳು ಇಬ್ಬರಿದ್ದಾರೆ.”

“ಹಿರಿತನದ ಮೇಲೆ,” ಎಂದರು ಸಾಹೇಬರು. ಜವರಯ್ಯನೂ ಸೇರಿ ಎಲ್ಲರೂ ಕೈಯೆತ್ತಿದರು. ತಾಯಿಯ ಎದುರಿಗೆ ಕೈ ಇಳಿಸಿ ಕೂರುವಂಥ ಮಗ ಅವನಲ್ಲ.

ಅಂದಿನಿಂದ ದೇವೀರಮ್ಮ ದಿನವೂ ಒಂಬತ್ತರ ಬಸ್ಸಿಗೆ ಕಚೇರಿಗೆ ಬಂದು, ಬೀಟೆ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾಳೆ. ಎತ್ತಿನ ಕೊರಳ ಸದ್ದು ಕೇಳಿ ಬೆಳೆದ ಕಿವಿಯಾದ್ದರಿಂದ, ಒಡಕು ಗಂಟೆಯನ್ನು ತಲೆಯೆತ್ತದೆ ಹೇಳುತ್ತಾಳೆ. ತಪಾಸಣೆ ಈಗ ಚುರುಕಾಗಿದೆ ಎಂದು ಮೇಲಿನವರೂ ಬರೆದಿದ್ದಾರೆ. ನೌಕರರು ಐವರು, ಕುರ್ಚಿ ನಾಲ್ಕೇ ಆಗಿರುವುದರಿಂದ ಸಭೆಗಳು ಹೋಟೆಲಿನಲ್ಲೇ ನಡೆಯುತ್ತವೆ. ಊರಿನಲ್ಲಿ ಯಾರಾದರೂ ಕೇಳಿದರೆ ಜವರಯ್ಯ ಎದೆಯುಬ್ಬಿಸಿ, “ಕುರ್ಚಿ ನಮ್ಮನೇದೇ ಕಣ್ರಯ್ಯ,” ಅನ್ನುತ್ತಾನೆ, ಮತ್ತು ಅದು ಸುಳ್ಳಲ್ಲ.

ಸರ್ಕಾರ ಅವನಿಗೆ ಕೊಟ್ಟದ್ದು ಮಾತ್ರ ಅರ್ಧ ಕಾಫಿ, ಬಟ್ಟಲಿನಲ್ಲಿ.