ಕಾಶಿಯಾತ್ರೆಯ ಸ್ವಿಸ್ ವಾಚು

ಅಳಿಯನ ಕೈಗೆ ಕಟ್ಟುವ ವಾಚು ಅಂದ್ರೆ ಹೇಗಿರಬೇಕು? ಸಾಗರದ ಬೀಗರ ಕಣ್ಣು ಕುಕ್ಕಬೇಕು! ತೀರ್ಥಹಳ್ಳಿಯ ನಿವೃತ್ತ ಡ್ರಾಯಿಂಗ್ ಮಾಸ್ತರು ಮುಕುಂದಯ್ಯನವರಿಗೆ ಮಗಳು ಅಪೇಕ್ಷಾಳ ಮದುವೆ ನಿಶ್ಚಯವಾದಾಗಿನಿಂದ ಇದೊಂದೇ ಧ್ಯಾನ. ಕಣ್ಣು ಬಿದ್ದದ್ದು ಸಿನಿಮಾ ನಟರು ಕಟ್ಟುವ ಒಂದು ಸ್ವಿಸ್ ವಾಚಿನ ಮೇಲೆ. ಮೊಬೈಲಿನಲ್ಲಿ ಬೆಲೆಯನ್ನೂ ನೋಡಿದರು. ಮನೆ ಮಾರಿದರೂ ಅದರ ಬೆಲ್ಟು ಮಾತ್ರ ಬರುತ್ತಿತ್ತು.

"ಕೊಳ್ಳೋದ್ಯಾಕೆ? ನಾನೇ ಮಾಡ್ತೀನಿ."

"ಎಂತ, ವಾಚಾ?" ಹೆಂಡತಿ ಯಶೋಧಮ್ಮ ಸೌಟು ಕೆಳಗಿಟ್ಟರು. "ಕುಕ್ಕರ್ ರಿಪೇರಿ ಮಾಡ್ತೀನಿ ಅಂತ ಹೋಗಿ ಸಾರನ್ನ ಸೂರಿಗೆ ಬಡಿಸಿದವ್ರು ನೀವು!"

"ಅದು ರಿಪೇರಿ. ಇದು ಕಲೆ ಮಾರಾಯ್ತಿ."

ಮಹಡಿ ಕೋಣೆಯಲ್ಲಿ ಸೃಷ್ಟಿಕಾರ್ಯ ಶುರುವಾಯಿತು. ಹಿತ್ತಾಳೆ ತುಂಡೊಂದನ್ನು ಲೇತಿನಲ್ಲಿ ಕಡೆಸಿ, ಚಿನ್ನದ ನೀರು ಕುಡಿಸಿ ವಾಚಿನ ಕೇಸು ಮಾಡಿದರು. (ಆ ತುಂಡು ಯಶೋಧಮ್ಮನ ತವರಿನ ದೀಪದ ಕಂಬ ಎಂಬುದು ಗೌರಿಪೂಜೆಯ ದಿನ ಬಯಲಾಯಿತು. ಅವತ್ತು ಮಂಗಳಾರತಿ ಗೌರಿಗಿಂತ ಮೊದಲು ಗಂಡನಿಗಾಯಿತು.) ಭೂತಗನ್ನಡಿ ಹಿಡಿದು ಡಯಲ್ಲಿಗೆ ತಾವೇ ಬಣ್ಣ ಬಳಿದರು.

ಹೊಟ್ಟೆಗೆ ಮಾತ್ರ ಕೀ ಕೊಡುವ ಮಿಶಿನೇ ಬೇಕಿತ್ತು. ಅಸಲಿ ಸ್ವಿಸ್ಸಿನ ಸೆಕೆಂಡು ಮುಳ್ಳು ಜಾರಿದಂತೆ ಓಡುತ್ತದೆ; ಸೆಲ್ಲಿನದು ಹಾಕಿದರೆ ಟಕ್ ಟಕ್ ಕುಣಿದು ಗುಟ್ಟು ರಟ್ಟು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ, ಅವರದೇ ಕೈಯಲ್ಲಿ: ಅವರ ಮದುವೆಯ ಕಾಶಿಯಾತ್ರೆಯ ದಿನ ಮಾವ ಸುಬ್ಬಕೃಷ್ಣಯ್ಯನವರು ಕಟ್ಟಿದ ಎಚ್ಚೆಮ್ಟಿ. ಮಾವ ತೊಂಬತ್ತರ ಹತ್ತಿರವಿದ್ದರೂ ಗಟ್ಟಿ. ಬಂದಾಗಲೆಲ್ಲ ಅಳಿಯನ ಕೈಯಲ್ಲಿ ಅದನ್ನು ನೋಡದೆ ಕಾಫಿ ಮುಟ್ಟುವವರಲ್ಲ. ಮಾಸ್ತರು ಅದರ ಕರುಳು ಕಿತ್ತು ಹೊಸದಕ್ಕೆ ಹಾಕಿದರು. ಖಾಲಿ ಡಬ್ಬಿಗೆ ಮುಳ್ಳು ಅಂಟಿಸಿ ಮತ್ತೆ ಕೈಗೆ ಕಟ್ಟಿಕೊಂಡರು. ದೂರದಿಂದ ಮುದುಕರಿಗೆ ಎಂತ ಕಾಣ್ತದೆ! ಹೆಂಡತಿಗೂ ಹೇಳಲಿಲ್ಲ.

ಮದುವೆಯ ದಿನ ಛತ್ರದ ಬಾಗಿಲಲ್ಲಿ ಮದುಮಗ ಅಭಿರಾಮ ಕೊಡೆ ಬಿಚ್ಚಿ, ಕೋಲು ಊರಿ, ಸಂಸಾರವೇ ಬೇಡವೆಂದು ಕಾಶಿಗೆ ಹೊರಟ. ಮುಕುಂದಯ್ಯ ಶಾಸ್ತ್ರದಂತೆ ಅಡ್ಡ ನಿಂತು, "ಕಾಶಿ ಬೇಡ, ಮಗಳನ್ನ ಕೊಡ್ತೀನಿ" ಎಂದು ಪೆಟ್ಟಿಗೆ ತೆರೆದರು. ವಾಚು ಥಳಥಳ! ಸಾಗರದ ಬೀಗರು "ಅಯ್ಯಯ್ಯೋ" ಎಂದು ಬಾಯಿ ಮೇಲೆ ಕೈಯಿಟ್ಟರು. ಮಾಸ್ತರ ಎದೆ ಉಬ್ಬಿತು.

ಅಭಿರಾಮನ ಮುಖ ಮಾತ್ರ ಬಿಳುಚಿತು. ಬೆಲೆ ಬಲ್ಲ ಹುಡುಗ. "ಮಾವ, ಇದು ವರದಕ್ಷಿಣೆಗಿಂತ ಕಡೆ ಆಯ್ತು. ನಾ ಮುಟ್ಟಲ್ಲ. ಕಟ್ಟೋದಾದ್ರೆ ನಿಮ್ಮ ಕೈಲಿರೋದನ್ನೇ ಕಟ್ಟಿ. ಅಜ್ಜ ನಿಮಗೆ ಕಟ್ಟಿದ್ದಂತಲ್ಲ, ಅಪೇಕ್ಷಾ ಹೇಳಿದಾಳೆ."

ಛತ್ರಕ್ಕೆ ಛತ್ರವೇ ಚಪ್ಪಾಳೆ ತಟ್ಟಿತು. ಸುಬ್ಬಕೃಷ್ಣಯ್ಯನವರು ಶಲ್ಯದಲ್ಲಿ ಕಣ್ಣೊರೆಸಿಕೊಂಡರು. ಮಾಸ್ತರು ವಾಚಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿದರು.

"ಅಲ್ಲ... ಇದು ಹಳೇದು..."

"ಬಿಚ್ರೀ, ಮುಹೂರ್ತ ಮೀರ್ತದೆ!" ಯಶೋಧಮ್ಮ ತಾವೇ ಬಿಚ್ಚಿ ಅಪ್ಪನಿಗೆ ಕೊಟ್ಟರು. "ಅಪ್ಪಯ್ಯ, ನೀವೇ ಕಟ್ಟಿ."

ಅಜ್ಜ ಕಿವಿಗೆ ಹಿಡಿದರು. ಉಸಿರಿಲ್ಲ. "ನಿಂತಿದೆಯಲ್ರೀ ಅಳಿಯಂದ್ರೆ" ಎಂದು ಕೀ ತಿರುವಿದರು. ಕೀ ಕಳಚಿ ಕೈಗೇ ಬಂತು. ಹಿಂದಿನ ಮುಚ್ಚಳ ಟಣ್ಣೆಂದು ಬಿತ್ತು. ಒಳಗಿನಿಂದ ಒಂದು ಹತ್ತಿಯುಂಡೆ ಇಣುಕಿತು.

ಪುರೋಹಿತರ ಮಂತ್ರ ಅರ್ಧಕ್ಕೇ ನಿಂತಿತು.

"ಎಂತದೋ ಇದು ಮುಕುಂದ?" ಇಷ್ಟು ವರ್ಷ ಬಹುವಚನ ಬಿಡದ ಮಾವ ಏಕವಚನಕ್ಕೆ ಇಳಿದಿದ್ದರು.

"ಮಾವ, ಮಿಶಿನು ಎಲ್ಲೂ ಹೋಗ್ಲಿಲ್ಲ. ಇದರೊಳಗಿದೆ," ಮಾಸ್ತರು ಪೆಟ್ಟಿಗೆ ತೋರಿಸಿದರು. "ಇದು ಸ್ವಿಸ್ ಅಲ್ಲ. ನಾನೇ ಮಾಡಿದ್ದು."

ಬೀಗರು ಎರಡನೇ ಸಲ "ಅಯ್ಯಯ್ಯೋ" ಎಂದರು. ಅಭಿರಾಮ ಮಾತ್ರ ಹೊಟ್ಟೆ ಹಿಡಿದು ನಕ್ಕ. "ಅಬ್ಬ, ಬದುಕಿದೆ! ಹಾಗಾದ್ರೆ ಇದನ್ನೇ ಕಟ್ಟಿ ಮಾವ" ಎಂದು ಕೈ ಚಾಚಿದ.

ಸುಬ್ಬಕೃಷ್ಣಯ್ಯನವರು ಪೆಟ್ಟಿಗೆಯ ವಾಚನ್ನು ಮದುಮಗನ ಕೈಗೆ ಕಟ್ಟಿ, ಅವನಿಂದ ಕೊಡೆ ಕೋಲು ಕಿತ್ತುಕೊಂಡು ಮುಕುಂದಯ್ಯನವರ ಕೈಗೆ ತುರುಕಿದರು.

"ಅವ ಹಸೆಗೆ ಹೋಗ್ಲಿ. ಕಾಶಿಗೆ ನೀ ಹೋಗು."

ಮಾಸ್ತರು ಕೊಡೆ ಹಿಡಿದು, ಯಾರಾದರೂ ತಡೆಯುತ್ತಾರೆಂದು ಹೆಂಡತಿಯ ಮುಖ ನೋಡಿದರು. ಯಶೋಧಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಬೇಗ ಹೊರಡಿ. ಶಿವಮೊಗ್ಗದ ಬಸ್ಸು ಬರೋ ಹೊತ್ತಾಯ್ತು."