ಉಲ್ಲಾಸದೇವನ ರಜಾ ಅರ್ಜಿಗಳು

ಬಹಳ ಬಹಳ ಹಿಂದೆ, ಪತ್ರಿಕೆಗಳು ನಿಜವನ್ನೇ ಬರೆಯುತ್ತಿದ್ದ ಕಾಲದಲ್ಲಿ, ಮೆಕ್ಕೆಪುರಿ ಎಂಬ ರಾಜ್ಯವಿತ್ತು. ಅಲ್ಲಿ ಊರ ಮುಖಂಡನಿಂದ ಹಿಡಿದು ದೊರೆಯವರೆಗೆ ಎಲ್ಲರೂ ಓಟಿನಿಂದಲೇ ಗೆಲ್ಲಬೇಕು. ಗೆದ್ದವರೆಲ್ಲ ಒಬ್ಬ ಬದಲಿಯನ್ನು ಇಟ್ಟುಕೊಳ್ಳಬೇಕು. ಗೆದ್ದವನು ಇನ್ನೂ ಮೇಲಿನ ಪದವಿಗೆ ನಿಲ್ಲಲು ರಜೆ ಹಾಕಿದರೆ ಕುರ್ಚಿ ಬದಲಿಗೆ. ಮುದ್ರೆ ಮಾತ್ರ ರಜೆ ಹಾಕಿದವನ ಸೊಂಟದಲ್ಲೇ!

ಊರ ಮುಖಂಡ ಉಲ್ಲಾಸದೇವನ ಬದಲಿ ರೊಟ್ಟಿ ಮಾರುವ ಚಿಕ್ಕತಾಯಮ್ಮ. ಸಂತೆಗೆ ಹೋಗಲು ಎದೆಮಟ್ಟದ ಹೊಳೆ ದಾಟಬೇಕಾದ ಆಕೆ ಬದಲಿಯಾಗಲು ಒಪ್ಪಿದ್ದೇ ಸೇತುವೆಯ ಆಸೆಗೆ. ಕಾಗದ ಸಿದ್ಧವಿತ್ತು. ಬೇಕಿದ್ದದ್ದು ಒಂದು ಮುದ್ರೆ.

"ಒತ್ತುಬುಡಿ ಬುದ್ಧಿ."

"ಒತ್ತೋಣ ತಾಯಮ್ಮ! ಆದ್ರೆ ಊರ ಮುಖಂಡ ಒತ್ತಿದ್ರೆ ಸಣ್ಣ ಸೇತುವೆ ಆಗುತ್ತೆ. ಶಾಸನಸಭೆಯಿಂದ ಒತ್ತಿದ್ರೆ ಎಷ್ಟು ದೊಡ್ಡದಾಗುತ್ತೆ, ಯೋಚ್ನೆ ಮಾಡು!"

ಮೂರನೇ ತಿಂಗಳಿಗೆ ರಜೆ. ಹಳದಿ ಪೇಟ ಬಿಚ್ಚಿ ಹಸಿರು ಪೇಟ ಸುತ್ತಿ ಶಾಸನಸಭೆಗೆ ಗೆದ್ದ. ಎರಡು ತಿಂಗಳಿಗೆ ಮತ್ತೆ ರಜೆ, ಕೆಂಪು ಪೇಟ, ಪ್ರಾಂತಾಧಿಪತಿ. ಚಿಕ್ಕತಾಯಮ್ಮ ಕಾಗದ ಹಿಡಿದು ಕುರ್ಚಿಯಿಂದ ಕುರ್ಚಿಗೆ ಹಿಂದೆಯೇ ಬಂದಳು. ಕಾಗದದ ಮೇಲೆ ಸೇತುವೆಗೆ ಕಾರಂಜಿಯೂ ಸೇರಿತು.

"ಪ್ರಭೂ, ತಾವು ಬಿಟ್ಟೆದ್ದ ಕುರ್ಚಿಗಳೇ ಇಷ್ಟು ಪಾವನವಾಗಿವೆ, ಸಿಂಹಾಸನಕ್ಕೇಕೆ ಅನ್ಯಾಯ?" ಎಂದ ಅವನ ಪ್ರಚಾರಮಂತ್ರಿ. ಸರಿ, ಉಲ್ಲಾಸದೇವ ದೊರೆಯೂ ಆದ.

ಪಟ್ಟಾಭಿಷೇಕದ ದಿನ ಚಿಕ್ಕತಾಯಮ್ಮ ಸಿಂಹಾಸನಕ್ಕೇ ಅಡ್ಡ ನಿಂತಳು. "ಇನ್ನು ಮ್ಯಾಕೆ ಸ್ವರ್ಗ ಒಂದೇ ಬುದ್ಧಿ. ಅಲ್ಲಿ ಓಟಿಲ್ಲ. ಒತ್ತಿ!"

ದೊರೆ ಜನ್ಮದಲ್ಲಿ ಒಮ್ಮೆಯೂ ಮುದ್ರೆ ಒತ್ತಿದವನಲ್ಲ. ಗೊತ್ತಿದ್ದದ್ದು ರಜಾ ಅರ್ಜಿ ಬರೆಯುವುದೊಂದೇ. ಅದನ್ನೇ ಬರೆದ: "ಇಂದಿನಿಂದ ಹೊಳೆಗೆ ವೇತನಸಹಿತ ರಜೆ. ರಜೆಯಲ್ಲಿರುವ ಹೊಳೆಗೆ ಸೇತುವೆ ಅನಗತ್ಯ."

"ಶೂನ್ಯ ಸಿಮೆಂಟಿನ ಅಭಿವೃದ್ಧಿ ಮಾದರಿ!" ಎಂದು ಮಂತ್ರಿ ಕಣ್ಣೀರಿಟ್ಟ. ನಗಾರಿ ಮೊಳಗಿತು. ದೊರೆಗೆ 'ಸೇತುಚಕ್ರವರ್ತಿ' ಬಿರುದು ಬಂತು.

ಮರುದಿನ ಚಿಕ್ಕತಾಯಮ್ಮ ಬುಟ್ಟಿ ಹೊತ್ತು ನೀರಿಗಿಳಿದಳು. ನಡುಹೊಳೆಯಲ್ಲಿ, ಎದೆಮಟ್ಟ ಮುಳುಗಿ ನಿಂತಿದ್ದ ಪಹರೆಯವನೊಬ್ಬ ಕೈ ಅಡ್ಡ ಹಿಡಿದ.

"ರಜೆ ಮೇಲಿರೋ ಹೊಳೆಗೆ ತೊಂದ್ರೆ ಕೊಡಂಗಿಲ್ಲ ಕಣಮ್ಮೋ. ಎರಡು ರೊಟ್ಟಿ ದಂಡ."

"ನೀನ್ಯಾಕ್ಲಾ ನೀರಾಗೆ ನಿಂತಿದ್ದೀಯ?"

"ಹೊಳೆಗೆ ಬದಲಿ ಅಂತ ನನ್ನ ನೇಮಿಸವ್ರೆ."

"ಸಂಬಳ?"

"ಅದು ಹೊಳೆಗೇ ಹೋಯ್ತದೆ," ಎಂದು ಅವನು ರೊಟ್ಟಿ ಮುರಿದು ಬಾಯಿಗಿಟ್ಟ.